ಡಾಲ್ಫಿನ್ನಿಗೆ ನಾಯಿ ಕಚ್ಚಿದ ಪ್ರಕರಣ

ಲುಕೊವಾ ದ್ವೀಪದಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಎರಡೇ ಸಲ ಬಳಕೆಗೆ ಬರುತ್ತದೆ. ಒಂದು ಜ್ಞಾನಸ್ನಾನದ ದಿನ, ಇನ್ನೊಂದು ಗೋರಿಯ ಕಲ್ಲಿನ ಮೇಲೆ. ನಡುವಿನ ಎಪ್ಪತ್ತು ಎಂಬತ್ತು ವರ್ಷವನ್ನು ಊರು ಇಟ್ಟ ಅಡ್ಡಹೆಸರಿನಲ್ಲೇ ಕಳೆಯಬೇಕು. ಅದಕ್ಕೆ ಅರ್ಜಿ ಹಾಕುವಂತಿಲ್ಲ, ಮೇಲ್ಮನವಿಯೂ ಇಲ್ಲ.

ನಮ್ಮ ಯೆರ್ಕೊನಿಗೆ ಊರು ಕೊಟ್ಟ ಹೆಸರು ಬಕೆಟ್. ದ್ವೀಪಕ್ಕೂ ಆಚೆ ದಡದ ಪಟ್ಟಣಕ್ಕೂ ಓಡಾಡುವ ಹಡಗಿನಲ್ಲಿ ಅವನು ಮೂವತ್ತೊಂದು ವರ್ಷ ಟಿಕೆಟ್ ಹರಿದಿದ್ದ. ಆ ಮೂವತ್ತೊಂದು ವರ್ಷವೂ ಅವನ ಮೊಣಕಾಲುಗಳ ನಡುವೆ ಒಂದು ನೀಲಿ ಬಕೆಟ್ ಇರುತ್ತಿತ್ತು, ಏಕೆಂದರೆ ಅಲೆ ಎದ್ದಾಗಲೆಲ್ಲ ಯೆರ್ಕೊನ ಹೊಟ್ಟೆಯೂ ಏಳುತ್ತಿತ್ತು. ನಿವೃತ್ತಿಯ ದಿನ ಸಹೋದ್ಯೋಗಿಗಳು ಗಡಿಯಾರದ ಬದಲು ಆ ಬಕೆಟ್ಟನ್ನೇ ಹೂ ತುಂಬಿಸಿ ಕೊಟ್ಟರು. ಯೆರ್ಕೊ ಹೂವನ್ನು ಇಗರ್ಜಿಗೆ ಕೊಟ್ಟು ಬಕೆಟ್ಟನ್ನು ಹಿತ್ತಿಲಿಗೆ ಎಸೆದ. ಹೆಸರನ್ನು ಎಸೆಯಲು ಮಾತ್ರ ಹಿತ್ತಿಲು ಸಾಲಲಿಲ್ಲ.

ಹೆಂಡತಿ ಪೆರಿನಾ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು. ಇಡೀ ದ್ವೀಪದಲ್ಲಿ ಅವನನ್ನು ಬಕೆಟ್ ಎನ್ನದವನು ಒಬ್ಬನೇ, ಗಾರೊ. ಗಾರೊ ಹದಿನಾಲ್ಕು ವರ್ಷದ ಕರಿ ನಾಯಿ. ಯೆರ್ಕೊನಿಗೆ ಅವನೆಂದರೆ ಜೀವ.

ಆ ಸೋಮವಾರ ಯೂಗೊ ಬೀಸುತ್ತಿತ್ತು. ತೆಂಕಣದಿಂದ ಬರುವ ಈ ತೇವದ ಗಾಳಿ ಬೀಸುವಾಗ ಯಾವ ಕಾಗದಕ್ಕೂ ಸಹಿ ಹಾಕಬಾರದು, ಯಾರೊಡನೆಯೂ ವಾದಕ್ಕಿಳಿಯಬಾರದು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಹಿರಿಯರ ಮಾತಿಗೆ ಎಲ್ಲ ಊರಲ್ಲೂ ಎಷ್ಟು ಬೆಲೆಯೋ ಲುಕೊವಾದಲ್ಲೂ ಅಷ್ಟೇ. ಬಂದರಿನ ಕಾಫಿ ಅಂಗಡಿಯಲ್ಲಿ ಬೆಸ್ತರ ಫ್ರಾನೆ ತನ್ನ ಹರಿದ ಬಲೆಯನ್ನು ಮೇಜಿನ ಮೇಲೆ ಹೆಣದ ಹಾಗೆ ಮಲಗಿಸಿಕೊಂಡು ಕೂತಿದ್ದ.

"ಡಾಲ್ಫಿನ್‌ಗಳ ಕೆಲಸ," ಎಂದ ಫ್ರಾನೆ. "ಒಂದು ಬುಟ್ಟಿ ಬೂತಾಯಿ ಮೀನು ನುಂಗಿ, ಬಲೆ ಹರಿದು, ಹೋಗೋವಾಗ ನನ್ನ ಮುಖ ನೋಡಿ ನಕ್ಕು ಹೋದ್ವು. ಆದರೂ ಒಂದು ಮಾತು ಹೇಳ್ತೀನಿ. ಕಡಲಲ್ಲಿ ಡಾಲ್ಫಿನ್ ಮುಂದೆ ಯಾವನೂ ಇಲ್ಲ. ಕಡಲನಾಯಿ ಕೂಡ ಬಾಲ ಮುದುರಬೇಕು."

ಶಾರ್ಕನ್ನು ಆ ಸೀಮೆಯಲ್ಲಿ ಕಡಲನಾಯಿ ಎಂದೇ ಕರೆಯುವುದು. ಮಾತಿನ ಓಟದಲ್ಲಿ ಕಡಲು ಹಿಂದೆ ಉಳಿದು ಬರೀ ನಾಯಿ ಆಗುವುದೂ ಉಂಟು. ಈ ಕಥೆಯ ಸಕಲ ಅನಾಹುತಕ್ಕೂ ಅದೇ ಮೂಲ.

ಮೂಲೆಯಲ್ಲಿ ಕೂತಿದ್ದ ಯೆರ್ಕೊ ಸುಮ್ಮನಿರಬಹುದಿತ್ತು. "ಕಡಲನಾಯಿನೇ ಗೆಲ್ಲೋದು," ಎಂದ.

ಅಂಗಡಿಯೆಲ್ಲ ಅವನತ್ತ ತಿರುಗಿತು. ಫ್ರಾನೆ ಕಾಫಿ ಲೋಟ ಕೆಳಗಿಟ್ಟ. "ಯಾಕೋ ಬಕೆಟ್, ನೀನು ಯಾವಾಗಿಂದ ಸಮುದ್ರ ಕಂಡೋನು? ಬಕೆಟ್ಟಿನ ತಳ ಬಿಟ್ಟು ಬೇರೇನಾದ್ರೂ ನೋಡಿದೀಯಾ ಜನ್ಮದಲ್ಲಿ?"

"ಅದಕ್ಕೆ ಎಷ್ಟು ಸಾಲು ಹಲ್ಲಿದೆ ಗೊತ್ತಾ ನಿಂಗೆ? ಮುಂದಿನ ಸಾಲು ಉದುರಿದ್ರೆ ಹಿಂದಿನ ಸಾಲು ಮುಂದೆ ಬಂದು ಕೂರುತ್ತೆ."

"ನಮ್ಮ ಪುರಸಭೆ ಥರ ಅನ್ನು. ಹಲ್ಲಿದ್ದು ಏನು ಬಂತೋ ಮಾರಾಯ? ಕಡಲನಾಯಿ ಒಂಟಿ ಪಿಶಾಚಿ. ಡಾಲ್ಫಿನ್ ಬಳಗ ಕಟ್ಕೊಂಡು ಬರುತ್ತೆ. ಒಂದು ಎದುರಿಗೆ ನಿಂತು ಹಲ್ಲು ಕಿರಿಯುತ್ತೆ, ಇನ್ನೊಂದು ಕೆಳಗಿಂದ ಬಂದು ಹೊಟ್ಟೆಗೆ ಮೂತಿ ಗುದ್ದುತ್ತೆ. ಹೊಡೆದೋರು ಯಾರು ಅಂತ ತಿರುಗಿ ನೋಡೋದ್ರೊಳಗೆ ನಿನ್ನ ನಾಯಿ ಅಂಗಾತ ಬಿದ್ದಿರುತ್ತೆ."

ಅಂಗಡಿ ನಕ್ಕಿತು. ಆ ನಗುವಿನಲ್ಲಿ ಮೂವತ್ತೊಂದು ವರ್ಷದ ಹಳೆಯ ನಗುವೂ ಸೇರಿತ್ತು. ಯೆರ್ಕೊ ಎದ್ದು ನಿಂತ. ಮುಂದಿನ ಮಾತು ಅವನದಲ್ಲ, ಯೂಗೊ ಗಾಳಿಯದು ಎಂದು ಅವನ ಪರ ವಾದಿಸುವವರು ಇಂದಿಗೂ ಇದ್ದಾರೆ.

"ಕಣ್ಣಾರೆ ಕಂಡಿದೀನಿ," ಎಂದ. "ಹೋದ ಗುರುವಾರ, ಗ್ಲುಹಾ ಕೊಲ್ಲಿ ಹತ್ರ. ನಾನು ಬಂಡೆ ಮೇಲೆ ಉಪ್ಪಿನಕಾಯಿಗೆ ಅಂತ ಕೇಪರ್ ಮೊಗ್ಗು ಕೀಳ್ತಾ ಇದ್ದೆ. ಕೆಳಗೆ ನೋಡಿದ್ರೆ ನಾಯಿ. ಡಾಲ್ಫಿನ್‌ಗೆ ಹಿಂದಿನಿಂದ ಬಂದು ಬಾಯಿ ಹಾಕ್ತು ನೋಡು, ಅಬ್ಬಬ್ಬ. ಬಾಯಿ ತುಂಬ ಮಾಂಸ. ಡಾಲ್ಫಿನ್ ಸೋತಿತು, ನಾಯಿ ಗೆದ್ದಿತು."

ಗ್ಲುಹಾ ಎಂದರೆ ಕಿವುಡು ಕೊಲ್ಲಿ. ಕೂಗಿದರೆ ಮರುದನಿ ಬರದ ಜಾಗ, ಸಾಕ್ಷಿ ಹೇಳಲು ಇನ್ನೊಬ್ಬ ಸಿಗದ ಜಾಗ. ಅಷ್ಟು ಜಾಣತನ ಯೆರ್ಕೊನಿಗಿತ್ತು. ಯೆರ್ಕೊ ಟೋಪಿ ಹಾಕಿಕೊಂಡು, ಎದೆ ಸೆಟೆಸಿ, ಕಾಫಿ ಪೂರ್ತಿ ಕುಡಿಯದೆ ಹೊರಟುಹೋದ.

ಆದರೆ ಅಂಗಡಿಯ ಮೇಲಂತಸ್ತಿನಲ್ಲಿ ಪುರಸಭೆಯ ಕಚೇರಿಯಿದೆ. ಕಿಟಕಿ ಪಕ್ಕ ಗುಮಾಸ್ತೆ ನೆವೆಂಕಾ ಕೂತಿದ್ದಳು. ಗಾಳಿ ಆ ಮಾತಿನಲ್ಲಿ ತನಗೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅವಳ ಕಿವಿಗೆ ಹಾಕಿತು. ನಾಯಿ. ಡಾಲ್ಫಿನ್‌ಗೆ. ಹಿಂದಿನಿಂದ. ಬಾಯಿ ತುಂಬ ಮಾಂಸ.

ನೆವೆಂಕಾ ಪೆನ್ನು ಕೆಳಗಿಟ್ಟಳು. ಲುಕೊವಾದಲ್ಲಿ ಡಾಲ್ಫಿನ್ ಎಂದರೆ ಕಡಲ ಪ್ರಾಣಿ ಎಂದು ತಿಳಿಯುವುದು ಹೊರಗಿನವರು ಮಾತ್ರ. ಊರಿನವರಿಗೆ ಡಾಲ್ಫಿನ್ ಎಂದರೆ ಪುರಸಭೆಯ ಅಧ್ಯಕ್ಷ ವಿಂಕೊ. ಮದುವೆಯಲ್ಲೂ ಮಣ್ಣಿನಲ್ಲೂ ಅವನ ಮುಖದ ಮೇಲೆ ಒಂದೇ ನಗು. ಅದು ಸಂತೋಷವಲ್ಲ, ಮೂತಿಯ ಆಕಾರ. ಊರಿನ ನೀರೆತ್ತುವ ಪಂಪು ಸುಟ್ಟುಹೋಗಿ ಎಂಟು ದಿನವಾಗಿತ್ತು, ಅಧ್ಯಕ್ಷ ಕಾಣೆಯಾಗಿಯೂ ಎಂಟು ದಿನವಾಗಿತ್ತು. ಚುನಾವಣೆಗೆ ಮೂರು ವಾರ ಬಾಕಿ. ನೆವೆಂಕಾಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಅವಳು ಫೋನ್ ಎತ್ತಿದಳು.

"ಅಧ್ಯಕ್ಷರೇ, ನಿಮಗೆ ನಾಯಿ ಕಚ್ಚಿದ್ದು ನಿಜಾನಾ?"

ಆಚೆ ದಡದ ಒಂದು ಬಿಸಿನೀರಿನ ಸ್ನಾನಗೃಹದಲ್ಲಿ, ಕತ್ತಿನವರೆಗೆ ಆರೋಗ್ಯಕರ ಕೆಸರು ಬಳಿದುಕೊಂಡು ಮಲಗಿದ್ದ ವಿಂಕೊ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಯಾರು ಹೇಳಿದ್ರು?"

"ಊರೆಲ್ಲ ಹೇಳ್ತಿದೆ." ಊರಿಗೆ ಆಗಿನ್ನೂ ಗೊತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಅವಳೇ ಹೇಳುವವಳಿದ್ದಳು. "ಅದಕ್ಕೇ ನೀವು ಎಂಟು ದಿನದಿಂದ ಬಂದಿಲ್ಲ, ಆಸ್ಪತ್ರೆಲಿ ಇರಬೇಕು ಅಂತ ನಂಗೆ ಅನಿಸ್ತು. ಪಂಪು, ಪಂಪು ಅಂತ ಜನ ನಿಮ್ಮನ್ನ ಬಾಯಿಗೆ ಬಂದಂಗೆ ಬಯ್ತಿದ್ರು ಪಾಪ."

"ಹೌದಮ್ಮ," ಎಂದಿತು ಕೆಸರಿನೊಳಗಿನ ದನಿ, ನೋವು ನುಂಗಿಕೊಂಡು. "ಕಚ್ಚಿದೆ. ಯಾರಿಗೂ ಹೇಳಬಾರದು ಅಂತಿದ್ದೆ. ಬಹಳ ಕಚ್ಚಿದೆ."

ನೆವೆಂಕಾ ಸಭ್ಯ ಹೆಂಗಸು. ಅರ್ಜಿ ನಮೂನೆಯಲ್ಲಿ 'ಹಿಂಭಾಗ' ಎಂದು ಬರೆಯಲು ಮನಸ್ಸಾಗದೆ 'ಕಾಲಿನ ಹಿಂಭಾಗ' ಎಂದು ಬರೆದಳು. ಕೇಳಿದ ದನಿ ಯೆರ್ಕೊನದು, ಅಂದಮೇಲೆ ನಾಯಿಯೂ ಅವನದೇ. ನಾಯಿಯ ಯಜಮಾನ: ಯೆರ್ಕೊ. ಆಮೇಲೆ ಫೋನ್ ಮಾಡಿ ಅಧ್ಯಕ್ಷರಿಗೆ ಯಾವ ಕಡೆ ಕಚ್ಚಿದೆಯೆಂದು ತಿಳಿಸಿದಳು.

ಮಂಗಳವಾರ ಬೆಳಿಗ್ಗೆಯಿಂದ ಯೆರ್ಕೊನ ಬಾಗಿಲಿಗೆ ಜನ ಬರತೊಡಗಿದರು. ತನ್ನ ಕಡಲನಾಯಿಯ ಕೀರ್ತಿ ಹಬ್ಬಿದೆಯೆಂದು ಅವನು ಅಂಗಳಕ್ಕೆ ಕುರ್ಚಿ ಹಾಕಿಸಿದ. ಮೊದಲು ಬಂದವಳು ಪಕ್ಕದ ಮನೆಯ ಮುದುಕಿ ದೊಮಿನಾ. ತಟ್ಟೆ ತುಂಬ ಒಣ ಅಂಜೂರ ತಂದಿದ್ದಳು.

"ಎಷ್ಟು ಹೊತ್ತು ಹಿಡಿದಿತ್ತಪ್ಪ?" ಎಂದಳು ಪಿಸುದನಿಯಲ್ಲಿ.

"ಮೂರು ನಿಮಿಷ."

"ಅಯ್ಯೋ ದೇವರೇ. ಕಿರುಚಾಟ ಜೋರಿತ್ತಾ?"

"ಸಿಳ್ಳೆ ಥರ ಬಂತು ದನಿ. ಅದರ ದನಿನೇ ಹಾಗೆ."

"ಅದು ನಿಜ, ದನಿ ಸ್ವಲ್ಪ ಕೀಚಲೇ. ನೀನು ಬಿಡಿಸೋಕೆ ಹೋಗ್ಲಿಲ್ವಾ?"

"ನಾನ್ಯಾಕೆ ಬಿಡಿಸಲಿ?" ಎಂದ ಯೆರ್ಕೊ ಅಂಜೂರ ಅಗಿಯುತ್ತ. "ದೊಡ್ಡದು ಸಣ್ಣದನ್ನ ತಿನ್ನೋದು ಪ್ರಕೃತಿ ಧರ್ಮ. ನಾನು ನೋಡ್ತಾ ನಿಂತೆ."

ದೊಮಿನಾ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡಳು. "ಒಂಬತ್ತು ದಿನದಿಂದ ಮುಖ ತೊಳೆಯೋಕೆ ನೀರಿಲ್ಲದೆ ನಾನೂ ಅದೇ ಕೇಳ್ಕೊಳ್ತಿದ್ದೆ ಕಣಪ್ಪ, ಯಾವುದಾದ್ರೂ ನಾಯಿಗೆ ಬುದ್ಧಿ ಬರಲಿ ಅಂತ. ನಿನ್ನಲ್ಲಿ ಇಷ್ಟು ಧೈರ್ಯ ಇದೆ ಅಂತ ಗೊತ್ತಿರಲಿಲ್ಲ."

ನೀರಿಗೂ ಕಡಲನಾಯಿಗೂ ಏನು ಸಂಬಂಧವೆಂದು ಯೆರ್ಕೊನಿಗೆ ಹೊಳೆಯಲಿಲ್ಲ. ಕೀರ್ತಿ ಬರುವಾಗ ಮುದುಕಿಯರ ಮಾತನ್ನು ಯಾರು ಅಳೆದು ತೂಗುತ್ತಾರೆ? ಸಂಜೆಯ ಹೊತ್ತಿಗೆ ಅವನು ಹನ್ನೊಂದು ಜನರ ಮುಂದೆ, ಹನ್ನೊಂದು ಸಲ, ಪ್ರತಿ ಸಲವೂ ಸ್ವಲ್ಪ ಹೆಚ್ಚು ರಕ್ತ ಸುರಿಸಿ, ತಪ್ಪೊಪ್ಪಿಕೊಂಡಿದ್ದ.

ಬುಧವಾರ ಬೆಳಗಿನ ಹಡಗಿನಲ್ಲಿ ಪಶುವೈದ್ಯೆ ಯಾಗೊದಾ ಬಂದಿಳಿದಳು. ಕೈಯಲ್ಲಿ ಕಬ್ಬಿಣದ ಪಂಜರ, ಕಂಕುಳಲ್ಲಿ ಕಡತ. ನೇರ ಯೆರ್ಕೊನ ಮನೆಗೆ ಬಂದಳು.

"ಕಚ್ಚಿದ ನಾಯಿ ಇದೇನಾ?"

ಗಾರೊ ಹೊಸಿಲ ಮೇಲೆ ಮಲಗಿ ಒಂದು ಕಣ್ಣಿನಿಂದ ಅವಳನ್ನು ನೋಡಿದ. ಇನ್ನೊಂದು ಕಣ್ಣಿಗೆ ಪೊರೆ ಬಂದಿತ್ತು.

"ಇದು ಯಾರನ್ನ ಕಚ್ಚುತ್ತೆ?" ಎಂದಳು ಪೆರಿನಾ.

"ಪುರಸಭೆ ಅಧ್ಯಕ್ಷರನ್ನ. ಹಿಂದಿನಿಂದ. ಯಜಮಾನರು ಬಿಡಿಸದೆ ನೋಡ್ತಾ ನಿಂತಿದ್ರು. ಹನ್ನೊಂದು ಜನರ ಹೇಳಿಕೆ ನಿಮ್ಮ ಪುರಸಭೆಯಿಂದ ಬಂದಿದೆ." ಯಾಗೊದಾ ಕಡತ ತಟ್ಟಿದಳು. "ಆಚೆ ದಡದಲ್ಲಿ ಹತ್ತು ದಿನ ಕೂಡಿಹಾಕಿ ಹುಚ್ಚು ಇದೆಯಾ ನೋಡ್ತೀವಿ. ಹಡಗು ಇನ್ನು ಮುಕ್ಕಾಲು ಗಂಟೆಲಿ ಹೊರಡುತ್ತೆ."

ಗಾರೊ ಯೆರ್ಕೊನ ಹಾಗೆಯೇ. ಸಮುದ್ರದ ಮೇಲೆ ಕಾಲಿಟ್ಟರೆ ಹೊಟ್ಟೆಯಲ್ಲಿ ಏನೂ ನಿಲ್ಲದು. ಎರಡು ವರ್ಷದ ಹಿಂದೆ ಹಡಗಿನಲ್ಲಿ ಒಂದು ಸಲ ಆಚೆಗೆ ಹೋಗಿ ಬಂದವನು ವಾರ ಅನ್ನ ಮುಟ್ಟಿರಲಿಲ್ಲ. ಈ ವಯಸ್ಸಿನಲ್ಲಿ, ಯೂಗೊ ಗಾಳಿಯಲ್ಲಿ, ಪಂಜರದೊಳಗೆ ಕೂತು ಹೋದರೆ ಮರಳಿ ಬರುವವನಲ್ಲ. ಪೆರಿನಾ ಗಾರೊನನ್ನು ಮಡಿಲಿಗೆ ಎಳೆದುಕೊಂಡಳು.

"ಅದು ಈ ನಾಯಿಯಲ್ಲ ಮೇಡಂ," ಎಂದ ಯೆರ್ಕೊ ತೊದಲುತ್ತ. "ಕಡಲನಾಯಿ. ಡಾಲ್ಫಿನ್ ಅಂದ್ರೆ ಡಾಲ್ಫಿನ್."

"ಅದನ್ನ ಕಚೇರಿಯಲ್ಲಿ ಹೇಳಿ. ನನ್ನ ಕಡತದಲ್ಲಿ ನಾಯಿ ಅಂತಿದೆ."

ಯೆರ್ಕೊ ಕಚೇರಿಗೆ ಓಡಿದ. ನೆವೆಂಕಾ ನಮೂನೆಯನ್ನು ಅವನ ಕಡೆ ತಿರುಗಿಸಿ ತೋರಿಸಿದಳು. "ನೋಡು, 'ಪ್ರಾಣಿ' ಅಂತ ಒಂದು ಕಾಲಂ. ನಾಯಿ, ಬೆಕ್ಕು, ಕತ್ತೆ, ಇತರೆ. ಕಡಲು ಅಂತ ಎಲ್ಲಿದೆ?"

"ಇತರೆ ಅಂತ ಹಾಕು."

"ಇತರೆ ಅಂದ್ರೆ ಕೋಳಿ ಕಣೋ ಬಕೆಟ್. ಅಲ್ಲದೆ ಕಚ್ಚಿಸಿಕೊಂಡವರೇ ಒಪ್ಕೊಂಡಿದಾರೆ. ಕಚ್ಚಿಸಿಕೊಂಡವರಿಗಿಂತ ನಿಂಗೆ ಜಾಸ್ತಿ ಗೊತ್ತಾ?"

ಅವನು ಬಂದರಿಗೆ ಇಳಿಯುವ ಹೊತ್ತಿಗೆ ಊರೇ ಅಲ್ಲಿತ್ತು. ಅದೇ ಹಡಗಿನಲ್ಲಿ ಬಂದಿದ್ದ ಅಧ್ಯಕ್ಷ ವಿಂಕೊ ಕುರ್ಚಿಯ ಮೇಲೆ ಕೂತು, ಎಡಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದ. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಬಿಳಿ ಬ್ಯಾಂಡೇಜು. ಹತ್ತು ದಿನದ ಕೆಸರು ಚಿಕಿತ್ಸೆಯಿಂದ ಮುಖ ಮಗುವಿನ ಹಾಗೆ ಹೊಳೆಯುತ್ತಿತ್ತು. ಜ್ವರದ ಕಾಂತಿ ಎಂದುಕೊಂಡ ಹೆಂಗಸರು ಕಣ್ಣೊರೆಸಿಕೊಂಡರು. ಪಂಪಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಾಯಿ ಕಚ್ಚಿದ ಮನುಷ್ಯನ ಹತ್ತಿರ ಪಂಪು ಕೇಳುವಷ್ಟು ಕಟುಕರಲ್ಲ ಲುಕೊವಾದ ಜನ.

ಪೆರಿನಾ ಗಾರೊನನ್ನು ಎತ್ತಿಕೊಂಡು ಬಂದಳು. ಪಂಜರದ ಬಾಗಿಲು ತೆರೆದಿತ್ತು.

"ಕಡಲನಾಯಿ ಕಚ್ಚಿದ್ದು," ಎಂದು ಯೆರ್ಕೊ ಮತ್ತೆ ಶುರುಮಾಡಿದ.

ಪೆರಿನಾ ಅವನನ್ನು ಅಲ್ಲಿಗೇ ತಡೆದಳು. "ನೀನು ಗುರುವಾರ ಗ್ಲುಹಾಕ್ಕೆ ಹೋಗೇ ಇಲ್ಲ. ಹಿತ್ತಿಲಲ್ಲಿ ಮಲಗಿ ಗೊರಕೆ ಹೊಡೀತಿದ್ದೆ. ಗಾರೊ ನಿನ್ನ ಕಾಲ ಹತ್ರ ಮಲಗಿದ್ದ. ಈಗ್ಲಾದ್ರೂ ನಿಜ ಹೇಳು."

ಹಡಗು ಮೊದಲ ಸೀಟಿ ಊದಿತು. ಯೆರ್ಕೊ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ನಾನು ಏನೂ ನೋಡಿಲ್ಲ," ಎಂದ. "ಊರ ನಾಯಿನೂ ಇಲ್ಲ, ಕಡಲನಾಯಿನೂ ಇಲ್ಲ. ನಾನು ಸುಳ್ಳು ಹೇಳಿದೆ. ಒಂದು ದಿನ, ಒಂದೇ ಒಂದು ದಿನ, ನೀವೆಲ್ಲ ನನ್ನ ಮಾತು ಕೇಳಲಿ ಅಂತ ಹೇಳಿದೆ."

ಅವನು ಜೀವಮಾನದಲ್ಲಿ ಆಡಿದ ಅತ್ಯಂತ ಕಷ್ಟದ ಮಾತು ಅದು. ಯಾರೂ ನಗಲಿಲ್ಲ, ಫ್ರಾನೆ ಕೂಡ ನೆಲ ನೋಡಿದ. ಆದರೆ ಯಾಗೊದಾ ತಲೆಯಾಡಿಸಿದಳು. "ನೀವು ನೋಡಿದ್ರೋ ಬಿಟ್ರೋ, ಕಚ್ಚಿಸಿಕೊಂಡವರು ಇಲ್ಲೇ ಕೂತಿದಾರೆ. ಎಷ್ಟು ಹಲ್ಲು ಇಳಿದಿದೆ ಅಧ್ಯಕ್ಷರೇ?"

"ನಾಲ್ಕು," ಎಂದ ವಿಂಕೊ ನೋವಿನಿಂದ ನಗುತ್ತ. "ಮೇಲೆ ಎರಡು, ಕೆಳಗೆ ಎರಡು. ಆಳವಾಗಿ."

ಯಾಗೊದಾ ಬರೆದುಕೊಂಡಳು. ಆಮೇಲೆ ನಿಯಮದಂತೆ ಬಗ್ಗಿ, ಗಾರೊನ ತುಟಿ ಎತ್ತಿ ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಬೆರಳು ಹಾಕಿ ತಡಕಿದಳು. ಗಾರೊ ಅವಳ ಬೆರಳನ್ನು ನೆಕ್ಕಿದ.

"ಒಂದೇ ಹಲ್ಲಿದೆ," ಎಂದಳು. "ಅದೂ ಅಲ್ಲಾಡ್ತಿದೆ. ನಾಲ್ಕು ಸಲ ಕಚ್ಚಿತಾ ಅಧ್ಯಕ್ಷರೇ? ನೀವು ಅಷ್ಟು ಹೊತ್ತು ಕಾಲು ಚಾಚಿಕೊಂಡು ನಿಂತಿದ್ರಾ?"

ಜನರ ಕಣ್ಣು ನಾಯಿಯ ಬಾಯಿಂದ ಅಧ್ಯಕ್ಷನ ಕಾಲಿಗೆ ಹೊರಳಿತು.

"ಬ್ಯಾಂಡೇಜು ಬಿಚ್ಚಿ," ಎಂದಳು ಯಾಗೊದಾ.

ವಿಂಕೊನ ನಗು ಒಂದು ಕ್ಷಣವೂ ಅಲುಗಲಿಲ್ಲ. ಇಪ್ಪತ್ತು ವರ್ಷ ರಾಜಕೀಯ ಮಾಡಿದ ಮೂತಿ ಅದು. ನಿಧಾನವಾಗಿ ಎದ್ದು ನಿಂತು ಯೆರ್ಕೊನ ಹೆಗಲ ಮೇಲೆ ಕೈ ಹಾಕಿದ.

"ಊರ ನಾಯಿ ಅಂತ ನಾನು ಯಾವತ್ತು ಹೇಳಿದೆ? ನಾಯಿ ಕಚ್ಚಿತಾ ಅಂತ ಕೇಳಿದ್ರು, ಕಚ್ಚಿತು ಅಂದೆ. ಕಡಲನಾಯಿ ಕಣ್ರಪ್ಪ. ಪಂಪಿಗೆ ಬೇರೆ ಕಡೆಯಿಂದ ನೀರು ಎಳೀಬಹುದಾ ಅಂತ ನೋಡೋಕೆ ನಾನೊಬ್ಬನೇ ಗ್ಲುಹಾ ಕೊಲ್ಲಿಗೆ ಇಳಿದಿದ್ದೆ. ನೀವು ಗಾಬರಿ ಆಗ್ತೀರಿ ಅಂತ ಹೇಳಲಿಲ್ಲ. ಇವನು ಮೇಲಿಂದ ಎಲ್ಲ ನೋಡಿದಾನೆ. ಈಗ ನನ್ನ ಮಾನ ಕಾಯೋಕೆ ಪಾಪ, ತಾನೇ ಸುಳ್ಳುಗಾರ ಅನ್ನಿಸಿಕೊಳ್ತಿದಾನೆ. ಎಂಥಾ ದೊಡ್ಡ ಮನಸ್ಸು ನೋಡಿ."

ಜನರಿಗೆ ಸುಳ್ಳು ಸಲೀಸಾಗಿ ನಂಬಿಕೆಯಾಯಿತು. ನಿಜವನ್ನು ನಂಬಲು ಸ್ವಲ್ಪ ಹೊತ್ತು ಬೇಕಿತ್ತು, ಹಡಗು ಅಷ್ಟು ಹೊತ್ತು ಕಾಯುವಂತಿರಲಿಲ್ಲ.

ಯಾಗೊದಾ ಇಬ್ಬರನ್ನೂ ನೋಡಿದಳು. ಅವಳು ದಡ್ಡಿಯಲ್ಲ, ಆದರೆ ಅವಳಿಗೆ ಕಡತ ಮುಚ್ಚಬೇಕಿತ್ತು. "ಅಧ್ಯಕ್ಷರ ಕಾಲು ಬಿಚ್ಚಿಸೋ ಅಧಿಕಾರ ನಂಗಿಲ್ಲ. ಕಣ್ಣಾರೆ ಕಂಡವರು ಕಡಲನಾಯಿ ಅಂತ ಸಹಿ ಹಾಕಿದ್ರೆ ಈ ನಾಯಿನ ಇಲ್ಲೇ ಬಿಟ್ಟು ಹೋಗ್ತೀನಿ. ಇಲ್ಲ ಅಂದ್ರೆ ಪಂಜರ."

ಎರಡನೆಯ ಸೀಟಿ ಊದಿತು.

"ಹೇಳೋ," ಎಂದ ಫ್ರಾನೆ. ದನಿಯಲ್ಲಿ ಕುಚೋದ್ಯವಿರಲಿಲ್ಲ. "ನೋಡಿದ್ಯಾ, ಇಲ್ವಾ?"

ಯೆರ್ಕೊ ಗಾರೊನನ್ನು ನೋಡಿದ. ಗಾರೊ ಪಂಜರವನ್ನು ಮೂಸಿ, ಅದು ತನಗೇ ಎಂದು ತಿಳಿಯದೆ, ಬಾಲ ಅಲ್ಲಾಡಿಸಿದ.

"ನೋಡಿದೆ," ಎಂದ ಯೆರ್ಕೊ.

"ಕೊನೆಗೆ ಏನಾಯ್ತು? ಯಾರು ಗೆದ್ದಿದ್ದು? ಕಾಲಂ ಇದೆ," ಎಂದಳು ಯಾಗೊದಾ.

ಹೆಗಲ ಮೇಲಿನ ಕೈ ಸ್ವಲ್ಪ ಭಾರವಾಯಿತು.

"ಡಾಲ್ಫಿನ್ ಗೆದ್ದರು," ಎಂದ ಯೆರ್ಕೊ.

ಸೋಮವಾರ ನಪುಂಸಕಲಿಂಗದಲ್ಲಿ ಸೋತಿದ್ದ ಪ್ರಾಣಿ ಬುಧವಾರ ಬಹುವಚನದಲ್ಲಿ ಗೆದ್ದಿತ್ತು. ಯೂಗೊ ಬೀಸುತ್ತಿದ್ದಂತೆಯೇ ಅವನು ಸಹಿ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಹಡಗು ಖಾಲಿ ಪಂಜರದೊಂದಿಗೆ ಹೊರಟಿತು.

ಮೂರು ವಾರದ ನಂತರ ವಿಂಕೊ ಹಿಂದೆಂದಿಗಿಂತ ಹೆಚ್ಚು ಮತದಲ್ಲಿ ಗೆದ್ದ. 'ಕಡಲನಾಯಿಗೂ ಬಗ್ಗದವರು' ಎಂಬ ಬರಹದ ಕೆಳಗೆ ಅವನ ನಗು ಎಲ್ಲ ಗೋಡೆಯ ಮೇಲೂ ಇತ್ತು. ಮೂರು ಸಭೆಗಳಲ್ಲಿ ಯೆರ್ಕೊ ವೇದಿಕೆಯ ಮೇಲೆ ನಿಂತು ಕಂಡದ್ದನ್ನು ಹೇಳಬೇಕಾಯಿತು. ಬ್ಯಾಂಡೇಜು ಒಂದು ಸಭೆಯಲ್ಲಿ ಎಡಗಾಲಿಗಿತ್ತು, ಇನ್ನೊಂದರಲ್ಲಿ ಬಲಗಾಲಿಗೆ. ಕೇಳಿದವರಿಲ್ಲ. ಆಚೆ ದಡದ ಇಲಾಖೆಯಿಂದ ಯೆರ್ಕೊನಿಗೆ ಒಂದು ನೋಟೀಸೂ ಬಂತು. ನೆವೆಂಕಾ ನಮೂನೆಯಲ್ಲಿ ಯಜಮಾನನ ಹೆಸರು ಹೊಡೆದುಹಾಕಲು ಮರೆತು, 'ನಾಯಿ' ಎಂಬುದರ ಹಿಂದೆ 'ಕಡಲ' ಎಂದು ಮಾತ್ರ ಸೇರಿಸಿದ್ದಳು. ನಿಮ್ಮ ಕಡಲನಾಯಿಯನ್ನು ಲಸಿಕೆಗೆ ಕರೆತನ್ನಿ, ಮೂತಿಗೆ ಕುಕ್ಕೆ ಕಡ್ಡಾಯ ಎಂದಿತ್ತು ಅದರಲ್ಲಿ.

ಪಂಪು ಸುಟ್ಟಂತೆಯೇ ಇತ್ತು. ನೀರಿನ ದೋಣಿ ಬಂದ ಒಂದು ಬೆಳಿಗ್ಗೆ ಊರೆಲ್ಲ ಬಂದರಿನಲ್ಲಿ ಸಾಲು ನಿಂತಿತ್ತು. ಮನೆಯಲ್ಲಿ ಬೇರೆ ಪಾತ್ರೆ ಇಲ್ಲದೆ ಯೆರ್ಕೊ ಹಿತ್ತಿಲಿನಿಂದ ಹಳೆಯ ನೀಲಿ ಬಕೆಟ್ಟನ್ನು ಹುಡುಕಿ ತೊಳೆದು ತಂದಿದ್ದ. ಗಾರೊ ಕುಂಟುತ್ತ ಹಿಂದೆ ಬಂದಿದ್ದ.

"ಈಗ ಹೇಳು ಯೆರ್ಕೊ," ಎಂದ ಮುಂದೆ ನಿಂತಿದ್ದ ಫ್ರಾನೆ. ಅವನು ಹೆಸರಿಟ್ಟು ಕರೆದದ್ದು ಅದೇ ಮೊದಲು. "ನಿಜವಾಗ್ಲೂ ಕಾದಾಟ ಆದ್ರೆ ಯಾರು ಗೆಲ್ತಾರೆ?"

"ಹಲ್ಲು ಇರೋನು ಗೆಲ್ಲೋದಿಲ್ಲ ಕಣೋ," ಎಂದ ಯೆರ್ಕೊ. "ಮೊಹರು ಇರೋನು ಗೆಲ್ತಾನೆ."

ಫ್ರಾನೆ ತಲೆಯಾಡಿಸಿದ. ಆಮೇಲೆ ಯೆರ್ಕೊನ ಕೈಯನ್ನು ನೋಡಿದ. "ಮೂವತ್ತೊಂದು ವರ್ಷ ಹೊಟ್ಟೆ ಕೆಟ್ಟಿದ್ದಕ್ಕೆ ಹಿಡಿದೆ. ಅದನ್ನ ನಾವು ಸುಮ್ಮನೆ ಆಡ್ಕೊಂಡ್ವಿ. ನೀನು ನಿಜವಾಗ್ಲೂ ಬಕೆಟ್ ಹಿಡಿದಿದ್ದು ಆ ಬುಧವಾರ."

ಯೆರ್ಕೊ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದ. ಸರದಿ ಬಂದಾಗ ಬಕೆಟ್ ತುಂಬಿಸಿಕೊಂಡು, ನಾಲ್ಕು ಹೆಜ್ಜೆ ಹೋಗಿ, ನೆಲಕ್ಕಿಟ್ಟ. ಗಾರೊ ಕತ್ತು ಬಗ್ಗಿಸಿ ಒಂದೇ ಹಲ್ಲಿನ ಬಾಯಿಂದ ನಿಧಾನವಾಗಿ ನೀರು ಕುಡಿದ, ಕುಡಿದು ಮುಖವೆತ್ತಿ ಯಜಮಾನನನ್ನು ನೋಡಿದ. ಇಡೀ ದ್ವೀಪದಲ್ಲಿ ಏನೂ ಅನ್ನದವನು ಅವನೊಬ್ಬನೇ.